ಡೋಣಿಯ ನೆಲಕ್ಕೆ ಕಿವಿಗೊಟ್ಟ ಕಳಕವ್ವ

ಬೆಳಗಿನ ಐದೂಮುಕ್ಕಾಲು. ಕಪ್ಪತಗುಡ್ಡದ ಸಾಲು ಇನ್ನೂ ಮಸುಕಾಗಿದೆ. ಡೋಣಿ ಊರಿನ ಹೊರಗೆ, ಕಲ್ಲುಹಾಸಿನ ಮೇಲೆ ಕಟ್ಟಿರುವ ಪುಟ್ಟ ಕೋಣೆ ಹತ್ತಿರವಾಗುತ್ತಿದ್ದಂತೆ ಕಳಕವ್ವ ನಡಿಗೆ ನಿಧಾನಿಸುತ್ತಾರೆ. ‘ಮೆತ್ತಗ ಬರ್ರಿ. ಒಳಗಿನ ಡಬ್ಬಿಗೆ ನಿಮ್ಮ ಹೆಜ್ಜಿನೂ ಗೊತ್ತಾಗತೈತಿ’ ಎಂದು ನನ್ನನ್ನೂ ಎಚ್ಚರಿಸುತ್ತಾರೆ. ಒಳಗೆ ನೆಲದಡಿ ಇಟ್ಟಿರುವುದು ಭೂಕಂಪಮಾಪಕ. ಅವರು ಸೌರಫಲಕದ ದೂಳು ಒರೆಸುತ್ತಾರೆ, ಬ್ಯಾಟರಿಯ ಮೀಟರ್ ನೋಡುತ್ತಾರೆ, ಹಸಿರು ದೀಪ ಮಿನುಗುವುದನ್ನು ಖಾತ್ರಿ ಮಾಡಿಕೊಂಡು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ: ‘12.6. ದೀಪ ಐತಿ. ಗಾಳಿ ಜೋರು. 5:50ಕ್ಕೆ ಹಾಲಿನ ಗಾಡಿ.’

ಐವತ್ತೆರಡರ ಕಳಕವ್ವ ಓದಿದ್ದು ನಾಲ್ಕನೇ ಇಯತ್ತೆ. ಒಂಬತ್ತು ವರ್ಷದ ಹಿಂದೆ ಸಂಶೋಧನಾ ಸಂಸ್ಥೆಯೊಂದು ಯಂತ್ರ ಇಟ್ಟಾಗ ಕಾವಲಿಗಿದ್ದವರು ಅವರ ಪತಿ ಗೋಣೆಪ್ಪ. ಅವರಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸ ಸಿಕ್ಕಿದ ಮೇಲೆ ಕೀಲಿಕೈ ಹೆಂಡತಿಯ ಸೆರಗಿನ ಗಂಟಿಗೆ ಬಂತು. ಸಂಸ್ಥೆ ಕೇಳಿದ್ದು ಬ್ಯಾಟರಿಯ ಅಂಕಿಯನ್ನಷ್ಟೆ. ನೆಲ ಅಲುಗಿದ್ದೆಲ್ಲ ಡಬ್ಬಿಗೆ ತಿಳಿಯುತ್ತದೆ ಎಂದಮೇಲೆ, ಅಲುಗಿಸಿದವರು ಯಾರೆಂದು ಬರೆದಿಡುವವರೂ ಬೇಕಲ್ಲ ಎಂದು ಇವರಿಗೇ ಅನ್ನಿಸಿತಂತೆ. ಟ್ರ್ಯಾಕ್ಟರ್, ಬೋರ್‌ವೆಲ್ ಲಾರಿ, ಬಾವಿ ಆಳ ಮಾಡಲು ಬಂಡೆಗೆ ಸಿಡಿಸುವ ಮದ್ದು, ಎಲ್ಲದಕ್ಕೂ ಗಂಟೆ ನಿಮಿಷ ಬಿದ್ದಿದೆ. ಹನ್ನೊಂದು ನೋಟ್‌ಬುಕ್ ತುಂಬಿವೆ. ಹೋದ ಬೇಸಿಗೆಯ ತನಕ ಅವನ್ನು ಯಾರೂ ತೆರೆದು ನೋಡಿರಲಿಲ್ಲ.

ಹೋದ ಬೇಸಿಗೆಯಲ್ಲಿ ಎರಡೇ ತಿಂಗಳಿಗೆ ನಲವತ್ತೊಂದು ಸಣ್ಣ ಕಂಪನಗಳು ದಾಖಲಾದವು. ಖಬರು ಹೇಗೋ ಊರಿಗೆ ಮುಟ್ಟಿ ಅರ್ಧ ಡೋಣಿ ಅಂಗಳದಲ್ಲಿ ಹಾಸಿಗೆ ಹಾಸಿತು. ಆ ಡಬ್ಬಿಯೇ ನಡುಕವನ್ನು ಕರೆಯುತ್ತಿದೆ ಎಂದು ಕೆಲವರು ಜಗಳಕ್ಕೆ ಬಂದರು. ಯಂತ್ರವನ್ನು ಬೇರೆಡೆ ಒಯ್ಯಲು ಸಂಸ್ಥೆಯೂ ಒಪ್ಪಿಬಿಟ್ಟಿತು. ಕಳಕವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಒಯ್ಯಲು ಬಂದ ವಿಜ್ಞಾನಿ ನೇತ್ರಾ ಅವರ ಮುಂದೆ ಕಳಕವ್ವ ನೋಟ್‌ಬುಕ್ ಹರವಿದರು. ‘ಒಯ್ಯೂದು ಒಯ್ರಿ. ಅದಕೂ ಮದಲ ಇದನ್ನೊಂದ ನೋಡ್ರಿ’ ಎಂದರು. ನೇತ್ರಾ ಲ್ಯಾಪ್‌ಟಾಪಿನಿಂದ ಒಂದೊಂದೇ ಕಂಪನದ ಸಮಯ ಓದುತ್ತ ಹೋದರು. ಕಳಕವ್ವ ಬೆರಳಿಟ್ಟು ಹುಡುಕುತ್ತ ಹೋದರು. ಗವಿಸಿದ್ದೇಶನ ಬಾವಿಯ ಮದ್ದು, ಯಮನೂರಸಾಬನ ಬಾವಿಯ ಮದ್ದು, ಮತ್ತೆ ಗವಿಸಿದ್ದೇಶನದು. ಮೂವತ್ತೆಂಟು ಹೊಂದಿಕೊಂಡವು. ಉಳಿದ ಮೂರರ ಎದುರಿಗೂ ಒಂದೇ ಬರಹ: ‘ತಾಟು ಗಲಗಲ ಅಂದವು. ಮದ್ದು ಇಲ್ಲ. ಎಲ್ಲ ಬಾವಿಗೂ ಹೋಗಿ ಕೇಳಿ ಬಂದೆ.’

‘ನಲವತ್ತೊಂದೂ ಭೂಕಂಪ ಅಂತ ನನ್ನ ಪ್ರಬಂಧ ಬರೆದು ಮುಗಿಸಿದ್ದೆ. ಮೂವತ್ತೆಂಟು ಕಳಕೊಂಡೆ, ನಿಜವಾದವು ಮೂರು ಸಿಕ್ಕವು. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ’ ಎಂದು ನೇತ್ರಾ ಫೋನಿನಲ್ಲಿ ನಗುತ್ತಾರೆ. ಆ ಮೂರೂ ಮನೆ ಬೀಳಿಸುವಂಥವಲ್ಲ ಎಂದು ಅವರೇ ಅಂದು ಸಂಜೆ ಊರವರನ್ನು ಕೂಡಿಸಿ ಹೇಳಿದರು. ಉಳಿದವುಗಳಲ್ಲಿ ಹದಿನಾಲ್ಕು ತನ್ನ ಬಾವಿಯವೆಂದು ಯಮನೂರಸಾಬ ಎದ್ದು ನಿಂತು ಒಪ್ಪಿಕೊಂಡಾಗ ಊರಿಗೆ ಊರೇ ನಕ್ಕಿತು. ಹಾಸಿಗೆಗಳು ಒಳಗೆ ಹೋದವು. ಡಬ್ಬಿ ಉಳಿಯಿತು.

ಪ್ರಬಂಧ ಈ ವರ್ಷ ಅಚ್ಚಾಗಿದೆ. ಬರೆದವರ ಸಾಲಿನಲ್ಲಿ ನಾಲ್ಕನೆಯ ಹೆಸರು ಕಳಕವ್ವನದು. ಆ ಹಾಳೆಯನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನ ಮಾಡಿದ್ದಾರೆ. ‘ಎಲ್ಲಾ ಇಂಗ್ಲಿಷ್ ಐತ್ರಿ. ಮೇಡಮ್ಮಾರು ಬಟ್ಟಿಟ್ಟು ತೋರಿಸಿದ್ರು. ಹಂಗಾಗಿ ನಾ ಎಲ್ಲಿ ಅದೇನಿ ಅಂತ ಗೊತ್ತೈತಿ’ ಎನ್ನುತ್ತಾರೆ.

ಸಂಸ್ಥೆಗೆ ಬಂದು ಹೋಗುವಂತೆ ನೇತ್ರಾ ಎರಡು ಸಲ ಕರೆದಿದ್ದಾರೆ. ಡೋಣಿಯ ಡಬ್ಬಿ ಕಳಿಸುವ ಕಂಪನದ ಗೆರೆ ಅಲ್ಲಿನ ಪರದೆಯ ಮೇಲೆ ಹೇಗೆ ಓಡುತ್ತದೆಂದು ಕಣ್ಣಾರೆ ಕಾಣುವುದೊಂದೇ ಕಳಕವ್ವನ ಆಸೆ. ಮತ್ತೇಕೆ ಒಂದು ದಿನ ರಜೆ ಮಾಡಿ ಹೋಗಿಲ್ಲ ಎಂದು ಕೇಳುತ್ತೇನೆ.

‘ನೆಲಕ್ಕ ಸೂಟಿ ಯಾವಾಗ ಇರತೈತಿ ಹೇಳ್ರಿ, ಆವತ್ತ ಬರ್ತೀನಿ ಅಂದೇನ್ರಿ. ಮೇಡಮ್ಮಾರು ಬರೇ ನಗ್ತಾರ, ತಾರೀಖ ಹೇಳವಲ್ರು.’