ವಿಳಂಬಕ್ಕೆ ಕಾರಣ

ಹಟ್ಟಿಯ ದೊಡ್ಡಮ್ಮನಿಗೆ ಫೋಟೊ ತೆಗೆಯುವಾಗ ಕಣ್ಣು ಬಿಟ್ಟುಕೊಂಡಿರಲು ಬರುತ್ತಿರಲಿಲ್ಲ. ಹೆಗಲ ಮೇಲಿನ ಕರಿ ಕಂಬಳಿ ಸರಿಮಾಡಿ, ಸೆರಗು ತಲೆಗೆಳೆದು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನಾನು ಬಟನ್ ಒತ್ತುವ ಹೊತ್ತಿಗೆ ಸರಿಯಾಗಿ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಸರ್ಕಾರದ ದಾಖಲೆಯ ತುಂಬ ಅವರು ನಿಂತೇ ನಿದ್ದೆ ಮಾಡುತ್ತಿದ್ದಾರೆ.

ಬಡವನಹಳ್ಳಿ ಕಡೆಯ ಪಂಚಾಯ್ತಿಯೊಂದಕ್ಕೆ ನಾನು ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿ ಸೇರಿ ಆಗಿನ್ನೂ ತಿಂಗಳಾಗಿರಲಿಲ್ಲ. ವಸತಿ ಯೋಜನೆಯಲ್ಲಿ ದೊಡ್ಡಮ್ಮನ ಹೆಸರಿಗೆ ಮನೆ ಮಂಜೂರಾಗಿತ್ತು. ಮನೆ ಕಟ್ಟುವ ಜಾಗದಲ್ಲಿ ಅವರನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದರೆ ಜಾಗದ ಗುರುತೂ ಅದರೊಡನೆ ದಾಖಲಾಗುತ್ತದೆ. ಆಮೇಲೆ ತಳಪಾಯ, ಗೋಡೆ, ಸೂರು, ಎಲ್ಲದರ ಫೋಟೊ ಅದೇ ಜಾಗದಲ್ಲಿ ಆಗಬೇಕು. ಇಲ್ಲದಿದ್ದರೆ ಮುಂದಿನ ಕಂತು ಬರುವುದಿಲ್ಲ.

ಅವರ ಜಾಗದಲ್ಲಿ ಸಿಗ್ನಲ್ ಸಿಗಲಿಲ್ಲ. ಕೊರಟಗೆರೆಗೆ ನನ್ನ ಕೊನೇ ಬಸ್ಸು ಹೊರಡುವ ಹೊತ್ತು. ಮೇಲುಗಡೆ ಅವರದೇ ಕುರಿ ಕೂಡುವ ರೊಪ್ಪದ ಹತ್ತಿರ ಸಿಗ್ನಲ್ ಇತ್ತು, ಇಲ್ಲೇ ನಿಲ್ಲಿ ಅಂದೆ. ಅವರು ಕೆಳಗೆ ಬೆರಳು ತೋರಿಸಿ, "ಮನೆ ಕಟ್ಟಾದು ಅಲ್ಲಿ ಕಣವ್ವಾ" ಎಂದರು. ಏನೂ ಆಗುವುದಿಲ್ಲ ಎಂದು ಹೇಳಿ ಬಟನ್ ಒತ್ತಿದೆ.

ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ತಳಪಾಯ ಹಾಕಿಸಿದರು. ಅದರ ಫೋಟೊ ತೆಗೆಯಲು ಹೋದರೆ, ಜಾಗ ಹೊಂದುತ್ತಿಲ್ಲವೆಂದು ಮೊಬೈಲು ತೆಗೆದುಕೊಳ್ಳಲೇ ಇಲ್ಲ. ಪರಿಶೀಲನೆಗೆ ಬಂದ ಇಂಜಿನಿಯರು ರೊಪ್ಪದ ಹತ್ತಿರ ಫೋಟೊ ತೆಗೆದವರು ಯಾರೆಂದು ಗದರಿದರು. ದೊಡ್ಡಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಆ ಹುಡ್ಗಿ ಬ್ಯಾಡ ಬ್ಯಾಡ ಅಂತು ಕಣಪ್ಪ. ನಾನೇ ಹಟ ಮಾಡಿ ಕುರಿ ತಾವ ನಿಂತ್ಕಂಡೆ" ಎಂದರು.

ಇಂಜಿನಿಯರು ನಕ್ಕು, ಕುರಿ ಕಾಯೋರ ಬುದ್ಧಿಯೇ ಇಷ್ಟು ಎಂದರು. ಮಾರನೆಯ ದಿನ ವರದಿಯಲ್ಲಿ ವಿಳಂಬಕ್ಕೆ ಕಾರಣ ಎಂಬಲ್ಲಿ 'ಫಲಾನುಭವಿಯ ತಪ್ಪು' ಎಂದು ಟೈಪು ಮಾಡಿದ್ದೂ ನಾನೇ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸರ್ಕಾರಿ ಮನೆಗಳು ತಡವಾಗಲು ನೂರೆಂಟು ಕಾರಣ ಇರುತ್ತವೆ. ಮರಳು ಸಿಗುವುದಿಲ್ಲ, ಮೇಸ್ತ್ರಿ ಹತ್ತು ಮನೆ ಒಪ್ಪಿಕೊಂಡು ಎಲ್ಲವನ್ನೂ ಮೊಳಕಾಲುದ್ದ ಎಬ್ಬಿಸಿ ಮಾಯವಾಗುತ್ತಾನೆ, ಅಷ್ಟರಲ್ಲಿ ಆಷಾಢ ಬರುತ್ತದೆ. ದೊಡ್ಡಮ್ಮನ ಮನೆಗೆ ಇದ್ಯಾವುದೂ ಅಡ್ಡ ಬರಲಿಲ್ಲ. ಮಗ ಇಟ್ಟಿಗೆ ತರಿಸಿ ಒಟ್ಟಿದ್ದ. ಜಾಗದ ಗುರುತು ಬದಲಿಸುವ ಫೈಲು ಮಧುಗಿರಿಗೆ, ತುಮಕೂರಿಗೆ ಹೋಗಿ, ಸಹಿ ಇಲ್ಲವೆಂದು ಹಿಂದಕ್ಕೆ ಬಂದು, ಮತ್ತೆ ಹೋಗಿ, ಎರಡು ಮಳೆಗಾಲ ಕಳೆಯಿತು. ಅಷ್ಟು ದಿನವೂ ಅವರು, ಮಗ, ಸೊಸೆ ಮತ್ತು ಹಸುಗೂಸು ತಗಡಿನ ಶೆಡ್ಡಿನಲ್ಲಿದ್ದರು.

ಪಂಚಾಯ್ತಿಗೆ ಬಂದರೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೋಲನ್ನು ಗೋಡೆಗೆ ಒರಗಿಸಿ, ಫೈಲಿನ ಬಗ್ಗೆ ಕೇಳುವ ಮೊದಲು ನನ್ನ ಊಟ ಆಯಿತೇ ಎಂದು ವಿಚಾರಿಸುತ್ತಿದ್ದರು. ನಾನೊಮ್ಮೆ ಅತ್ತುಬಿಟ್ಟೆ. "ಅತ್ರೆ ಮನೆ ಎದ್ದದೇನವ್ವಾ? ಮದಗಿರಿಗೆ ಫೋನ್ ಮಾಡು" ಎಂದು ರೇಗಿದರು. ಅಂದಿನಿಂದ ನಾನೂ ಫೈಲಿನ ಬೆನ್ನು ಬಿಡಲಿಲ್ಲ.

ಮನೆ ಎದ್ದಿತು. ಅದರಲ್ಲಿ ಅವರು ಬದುಕಿದ್ದು ಒಂಬತ್ತೇ ತಿಂಗಳು.

ತಿಥಿಯ ದಿನ ಹಟ್ಟಿಗೆ ಹೋಗಿ, ಅವರ ಸೊಸೆಯನ್ನು ಪಕ್ಕಕ್ಕೆ ಕರೆದು, ತಪ್ಪು ನನ್ನದಾಗಿತ್ತು ಎಂದು ಹೇಳಿಕೊಂಡೆ. ಆಕೆ ಮಗುವನ್ನು ಸೊಂಟದ ಮೇಲೆ ಸರಿಸಿಕೊಂಡಳು.

"ನಂಗೊತ್ತು ಕಣಕ್ಕ. ನಮ್ಮತ್ತೆ ಅವತ್ತೇ ಹೇಳಿದ್ರು. ಆ ಹುಡ್ಗಿ ಕೆಲ್ಸ ಹೋದ್ರೆ ತಿರ್ಗಾ ಸಿಗಕಿಲ್ಲ, ಮನೆ ಇವತ್ತಲ್ದಿದ್ರೆ ನಾಳೆ ಆಯ್ತದೆ, ಯಾರ್ ತಾವೂ ಬಾಯ್ ಬುಡ್ಬ್ಯಾಡ ಅಂದಿದ್ರು."

ಆ ಎರಡು ಮಳೆಗಾಲದಲ್ಲಿ ನಾನು ಎಷ್ಟು ಸಲ ಆ ಶೆಡ್ಡಿಗೆ ಹೋಗಿ ಬಂದಿದ್ದೆ. ತಗಡು ಸೋರುವಾಗ ಒಣಗಿದ ಜಾಗ ನೋಡಿ ನನ್ನನ್ನು ಕೂರಿಸಿದವಳು ಈ ಸೊಸೆಯೇ.