ಕ್ಯಾಮೆರಾಕ್ಕೆ ಬಳಿದ ವಿಭೂತಿ

ಕಾವಲು ಕೋಣೆಯ ಟಿವಿ ಪರದೆಯ ಮೇಲೆ ಅದಿರಿನ ಗುಡ್ಡೆಯೂ ಇರಲಿಲ್ಲ, ಲಾರಿಯೂ ಇರಲಿಲ್ಲ. ಮೂರು ಅಡ್ಡ ಬಿಳಿ ಪಟ್ಟೆಗಳಷ್ಟೇ ಇದ್ದವು. ಗಣಿಯ ಲಾರಿಗಳಿಗೆ ಬಿಡುವಿಲ್ಲದ ಕಾಲವದು. ಸಂಡೂರಿನ ಗಣಿಯೊಂದರ ಕಾವಲಿನ ಲೋಪಗಳನ್ನು ಗುರುತಿಸಲು ವಿಶ್ವವಿದ್ಯಾಲಯದ ನನ್ನ ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೆ. ಹಿಂದಿನ ದಿನ ಆಯುಧಪೂಜೆ. ಗೇಟಿನ ಕಾವಲುಗಾರ ವೀರಣ್ಣ ಹೊಸ ಕ್ಯಾಮೆರಾದ ಕಣ್ಣಿಗೇ ವಿಭೂತಿ ಬಳಿದಿದ್ದ.

“ಹಿಂಗ ಮಾಡಿದ್ರ ಕಳ್ಳರು ಕಾಣ್ತಾರೇನ್ರಿ?” ಎಂದೆ.

“ನಮಗ ನಿದ್ದಿ ಹತ್ತತೈತ್ರಿ ಸರ. ಇಲ್ಲಿ ಎಚ್ಚರ ಇದ್ದು ಕಾಯೋದು ಅದೊಂದ. ಅದಕ್ಕ ಪೂಜಿ ಬ್ಯಾಡಂದ್ರ ಹ್ಯಾಂಗ್ರಿ?”

ವಿದ್ಯಾರ್ಥಿನಿಯೊಬ್ಬಳು ತನ್ನ ವರದಿಯ ‘ಅಪಾಯ’ದ ಅಂಕಣದಲ್ಲಿ ‘ಭಕ್ತಿ’ ಎಂದು ಬರೆದು, ‘ಪರಿಹಾರ’ದ ಅಂಕಣವನ್ನು ಖಾಲಿ ಬಿಟ್ಟಳು. ಪೂರ್ತಿ ಅಂಕ ಕೊಟ್ಟೆ. ಹೊಸಪೇಟೆಗೆ ಮರಳಿದವನು, ಅವಳ ಕಣ್ಣಿಗೆ ಬೀಳುವ ಮೊದಲೇ, ನನ್ನ ಸ್ಕೂಟರಿನ ಹೆಡ್‌ಲೈಟಿಗೆ ನಾನೇ ಬಳಿದಿದ್ದ ವಿಭೂತಿಯನ್ನು ಒರೆಸಿದೆ.