ಮುಟ್ಟದೆ ಬರುವ ನೀರು

ನಮ್ಮ ಶಂಕರಿ ಅತ್ತಿಗೆ ಅಡುಗೆಮನೆಯ ನೀರಿನ ನಳ್ಳಿಯ ಜೊತೆ ಮಾತಾಡುತ್ತಾರೆ ಎಂದು ಅವರ ಸೊಸೆ ಗಾನಶ್ರೀ ಫೋನು ಮಾಡಿ ಹೇಳಿದಾಗ ನಾನು ನಗಲಿಲ್ಲ. ನಗುವುದಕ್ಕೆ ನನಗೆ ದೊಡ್ಡ ಕಾರಣವೇನೂ ಬೇಡ. ಬೇರೆ ಯಾರ ಸುದ್ದಿಯಾಗಿದ್ದರೂ ಪುತ್ತೂರಿನ ನಮ್ಮ ಬೀದಿಗೆಲ್ಲ ಕೇಳುವ ಹಾಗೆ ನಗುತ್ತಿದ್ದೆ. ಆದರೆ ಅತ್ತಿಗೆ ಯಾರಿಗೆ ಹೇಳಬೇಕಾದ ಮಾತನ್ನು ಆ ನಳ್ಳಿಗೆ ಹೇಳುತ್ತಿದ್ದಾರೆ ಎಂಬುದು ನನಗೆ ಗೊತ್ತಿತ್ತು.

ಶಂಕರಿ ಅತ್ತಿಗೆ ನನ್ನ ಅಣ್ಣ ರಾಧಾಕೃಷ್ಣನ ಹೆಂಡತಿ. ಸಂಪಾಜೆಯಲ್ಲಿ ಹುಟ್ಟಿ, ಆಲೆಟ್ಟಿಯ ನಮ್ಮ ಮನೆಗೆ ಮದುವೆಯಾಗಿ ಬಂದವರು. ಅವರು ಬಂದಾಗ ನಾನಿನ್ನೂ ಶಾಲೆಗೆ ಹೋಗುವ ಹುಡುಗಿ. ಎತ್ತರದ ಹೆಂಗಸು, ಮಾತು ಕಮ್ಮಿ, ಕೈ ಮಾತ್ರ ಒಂದು ಗಳಿಗೆ ಸುಮ್ಮನಿರದು. ಎಷ್ಟೋ ವರ್ಷಗಳ ಮೇಲೆ ನನ್ನ ತಮ್ಮ ವಿಷ್ಣುಪ್ರಸಾದನಿಗೆ ಕಡಬದ ಕಡೆಯಿಂದ ಸುಗುಣಳನ್ನು ತಂದೆವು. ಅವಳು ಗಿಡ್ಡ, ಬಾಯಿ ಜೋರು, ನಿಂತಲ್ಲಿ ನಿಲ್ಲುವವಳಲ್ಲ. ವಾರಗಿತ್ತಿಯರೆಂದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ಟಂತೆ, ಇವರಿಬ್ಬರು ಹೇಗೆ ಹೊಂದಿಕೊಳ್ಳುತ್ತಾರೋ ಎಂದು ನನ್ನ ಅಮ್ಮ ಚಿಂತೆ ಮಾಡಿದ್ದೇ ಮಾಡಿದ್ದು. ಅಮ್ಮನ ಚಿಂತೆಗಳಲ್ಲಿ ನಿಜವಾದದ್ದು ಬಹಳ ಕಡಿಮೆ. ಇದಂತೂ ಪೂರ್ತಿ ಸುಳ್ಳಾಯಿತು.

ನಮ್ಮ ಅಡುಗೆಮನೆಗಳಲ್ಲಿ ಒಂದು ಕ್ರಮವುಂಟು. ಅನ್ನ ಮುಟ್ಟಿದ ಕೈ ಮುಸುರೆ. ಮುಸುರೆ ಕೈಯಲ್ಲಿ ನೀರಿನ ಕೊಡವನ್ನಾಗಲಿ, ಉಪ್ಪಿನಕಾಯಿ ಭರಣಿಯನ್ನಾಗಲಿ, ನಳ್ಳಿಯನ್ನಾಗಲಿ ಮುಟ್ಟುವಂತಿಲ್ಲ. ಪಕ್ಕದಲ್ಲಿದ್ದವರು ಚೆಂಬಿನಿಂದ ಕೈಗೆ ನೀರು ಹಾಕಬೇಕು. ಹಲಸಿನ ಕಾಲ ಬಂತೆಂದರೆ ಶಾಸ್ತ್ರದ ಮಾತೇ ಬೇಡ. ಸೊಳೆ ಬಿಡಿಸಿದ ಕೈಯ ಮೇಣ ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಒಮ್ಮೆ ನಳ್ಳಿಗೆ ಹಿಡಿಯಿತೆಂದರೆ ಅದನ್ನು ಬಿಡಿಸುವುದರಲ್ಲಿ ಮುಂದಿನ ಮಳೆಗಾಲ ಬಂದಿರುತ್ತದೆ.

ಆ ಮನೆಯಲ್ಲಿ ಹಲಸಿನ ಹಪ್ಪಳ ಮಾಡುವಾಗ ಅತ್ತಿಗೆಯದು ಹಿಟ್ಟಿನ ಕೈ, ಸುಗುಣಳದು ನೀರಿನ ಕೈ. ಅತ್ತಿಗೆ ತಲೆ ಎತ್ತದೆ ಎರಡೂ ಕೈಯನ್ನು ಪಕ್ಕಕ್ಕೆ ಚಾಚಿ "ಹಾಕು" ಎನ್ನುತ್ತಿದ್ದರು. ಅಷ್ಟರಲ್ಲಿ ಚೆಂಬು ಅಲ್ಲಿರುತ್ತಿತ್ತು. ಸುಗುಣ ಮೊದಲು ಮೊಣಕೈಗೆ, ಆಮೇಲೆ ಸಣ್ಣ ಧಾರೆಯಾಗಿ ಅಂಗೈಗೆ, ಬೆರಳ ಸಂದಿಗೆ ಹಾಕುವಳು. ಒಂದು ಹನಿ ಸೀರೆಗೆ ಬೀಳುತ್ತಿರಲಿಲ್ಲ. ರಜೆಯಲ್ಲಿ ತವರಿಗೆ ಹೋದಾಗ ನಾನೂ ಒಮ್ಮೆ ಹಾಕಿ ನೋಡಿದ್ದೆ. ಅತ್ತಿಗೆಯ ಸೊಂಟದವರೆಗೆ ಒದ್ದೆ ಮಾಡಿದ ಮೇಲೆ "ನೀನು ಹೋಗಿ ಪೇಪರ್ ಓದು" ಎಂದರು. (ಮನೆಯೊಳಗೆ ನಾವು ಆಡುವುದು ಹವ್ಯಕ ಭಾಷೆ. ಹಾಗೆಯೇ ಬರೆದರೆ ನಿಮಗೆ ಅರ್ಧಕ್ಕರ್ಧ ತಿಳಿಯಲಿಕ್ಕಿಲ್ಲ, ಆದ್ದರಿಂದ ಪೇಟೆಯ ಮಾತಿನಲ್ಲಿ ಬರೆಯುತ್ತಿದ್ದೇನೆ.)

ಇದನ್ನೆಲ್ಲ ಮುರಿದವರು ನನ್ನ ಒಡಹುಟ್ಟಿದವರು. ಇಬ್ಬರೂ ನನ್ನವರೇ ಆದ್ದರಿಂದ ಇಬ್ಬರನ್ನೂ ಬೈಯುವ ಹಕ್ಕು ನನಗುಂಟು. ಜಾಗ ಪಾಲಾಗುವಾಗ ಹಪ್ಪಳದ ಹಲಸಿನ ಮರ ಗಡಿಗೆ ಬಂತು. ಅಣ್ಣ ತನ್ನದೆಂದ, ತಮ್ಮ ತನ್ನದೆಂದ. ಸಿಟ್ಟಿನಲ್ಲಿ ತಮ್ಮ ಆಳು ಕರೆಸಿ ಮರ ಕಡಿಸಿದ. ಅಣ್ಣ ಮಾತು ಬಿಟ್ಟ. ತಮ್ಮ ತನ್ನ ಪಾಲಿಗೆ ಬದಲು ಗುತ್ತಿಗಾರಿನಲ್ಲಿ ಜಾಗ ನೋಡಿ ಸಂಸಾರ ಸಮೇತ ಹೋದ. ಹೆಂಗಸರಿಬ್ಬರನ್ನು ಯಾರೂ ಏನೂ ಕೇಳಲಿಲ್ಲ. ಗುತ್ತಿಗಾರೇನು ಕಾಶಿಯಲ್ಲ, ಬಸ್ಸು ಹತ್ತಿದರೆ ಬಂತು. ಆದರೆ ಗಂಡಂದಿರು ಮಾತು ಬಿಟ್ಟ ಮನೆಗಳ ನಡುವೆ ಹೆಂಗಸರಿಗೆ ಬಸ್ಸು ಇರುವುದಿಲ್ಲ.

ಆಲೆಟ್ಟಿಯಲ್ಲಿ ಅಣ್ಣ ಹಳೆಯ ಮನೆ ತೆಗೆದು ಟೆರೇಸಿನ ಮನೆ ಕಟ್ಟಿಸಿದ. ಮಗ ಶ್ರೀರಾಮನಿಗೆ ಸುಳ್ಯದಲ್ಲಿ ಪಂಪುಸೆಟ್ಟು ರಿಪೇರಿ ಅಂಗಡಿ, ಸೊಸೆ ಗಾನಶ್ರೀಗೆ ಕಾಲೇಜಿನಲ್ಲಿ ಪಾಠ. ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಅಡುಗೆಮನೆಯಲ್ಲಿ ಅತ್ತಿಗೆ ಒಬ್ಬರೇ. ಮುಸುರೆ ಕೈಯನ್ನು ಎತ್ತಿಹಿಡಿದುಕೊಂಡು ಮೊಣಕೈಯಿಂದ ನಳ್ಳಿ ತಿರುಗಿಸಲು ಒದ್ದಾಡುವುದನ್ನು ಗಾನಶ್ರೀ ಒಂದು ರಜೆಯ ದಿನ ನೋಡಿದಳು. ಒಳ್ಳೆಯ ಹುಡುಗಿ. ಅಂದೇ ನನಗೆ ಹೇಳಿದಳು, "ಕೈ ಹಿಡಿದ್ರೆ ತನ್ನಷ್ಟಕ್ಕೆ ನೀರು ಬರುವ ನಳ್ಳಿ ಸಿಗ್ತದೆ ಅತ್ತೆ, ಮುಟ್ಟುದೇ ಬೇಡ. ನಾನು ಹೇಳಿದ್ರೆ ಬೇಡ ಅಂತಾರೆ. ನೀವು ಕರ್ಕೊಂಡು ಹೋಗಿ."

ಹಾಗೆ ನಾನೂ ಅತ್ತಿಗೆಯೂ ಸುಳ್ಯದಲ್ಲಿ ನೌಷಾದನ ಅಂಗಡಿಗೆ ಹೋದೆವು. ಸಿಂಕು, ಟೈಲ್ಸು, ನಳ್ಳಿ ಮಾರುವ ಅಂಗಡಿ. ನೌಷಾದ್ ಮಾತಿನ ಮಲ್ಲ. ಗೋಡೆಯಲ್ಲಿ ಸಾಲಾಗಿ ನಿಲ್ಲಿಸಿದ ನಳ್ಳಿಗಳನ್ನು ವರ ತೋರಿಸುವವನ ಹಾಗೆ ಒಂದೊಂದಾಗಿ ಪರಿಚಯಿಸಿದ.

"ಇದು ಕರೆಂಟಿಂದು. ಚಂದ ಉಂಟು, ಆದ್ರೆ ಜೂನ್ ಬಂದ್ರೆ ನಮ್ಮಲ್ಲಿ ಕರೆಂಟನ್ನು ನಂಬಿ ಕೈ ತೊಳಿಲಿಕ್ಕೆ ಆಗ್ತದಾ ಅಕ್ಕ? ಇದು ಬ್ಯಾಟರಿದು. ಮನೆಗೆ ಇದೇ ಒಳ್ಳೇದು. ಮೂತಿ ಎತ್ತರ ಉಂಟು, ದೊಡ್ಡ ಪಾತ್ರೆ ಅಡಿಗೆ ಹೋಗ್ತದೆ. ಪಾತ್ರೆ ತುಂಬಿಸುವಾಗ ಕೈ ಹಿಡಿದು ನಿಲ್ಲುದು ಬೇಡ, ಬದಿಯಲ್ಲಿ ಹಿಡಿ ಉಂಟು, ಎತ್ತಿದ್ರೆ ಆಯ್ತು."

ಅತ್ತಿಗೆ ಅದರ ಮೂತಿಯ ಬುಡದಲ್ಲಿದ್ದ ಕಪ್ಪು ಗಾಜಿನ ಚುಕ್ಕೆಯನ್ನು ತೋರಿಸಿ ಇದೆಂತ ಎಂದು ಕೇಳಿದರು.

"ಅದು ಕಣ್ಣು. ಕೈ ಬಂದದ್ದು ಅದಕ್ಕೆ ಕಾಣ್ತದೆ. ಹಲಸಿನ ಮೇಣ ಮಾತ್ರ ಅದಕ್ಕೆ ತಾಗಿಸ್ಬೇಡಿ ಅಕ್ಕ. ತಾಗಿದ್ರೆ ಕುರುಡಾಗ್ತದೆ. ಮತ್ತೆ ತೆಂಗಿನೆಣ್ಣೆ ಹಾಕಿ ಒರೆಸ್ಬೇಕು."

ಅತ್ತಿಗೆ ಕೈ ಚಾಚಿದರು. ತೋರಿಸುವುದಕ್ಕೆಂದೇ ನೀರು ಜೋಡಿಸಿಟ್ಟಿದ್ದ ನಳ್ಳಿ ಅದು. ಬಿಸಿಲಲ್ಲಿ ಕಾದಿದ್ದ ನೀರು ಬಂತು. ಕೈ ತೆಗೆದರು, ನಿಂತಿತು. ಮತ್ತೆ ಚಾಚಿದರು. ಅವರ ಮುಖದಲ್ಲಿ ಸಂತೋಷವೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದರು:

"ಇದನ್ನು ಬೇಡ ಅಂತ ಆದಾಗ ನೀರು ಬಾರದ ಹಾಗೆ ಮಾಡ್ಲಿಕ್ಕೆ ಆಗ್ತದಾ?"

ನಳ್ಳಿ ಕೊಳ್ಳಲು ಬಂದು ನೀರು ನಿಲ್ಲಿಸುವುದು ಹೇಗೆಂದು ಕೇಳಿದ ಗಿರಾಕಿಯನ್ನು ನೌಷಾದ್ ಅದುವರೆಗೆ ಕಂಡಿರಲಿಕ್ಕಿಲ್ಲ. ಸಿಂಕಿನ ಅಡಿಯಲ್ಲಿ ಸಣ್ಣ ವಾಲ್ವ್ ಕೂರಿಸುತ್ತೇವೆ, ತಿರುಗಿಸಿದರೆ ಬಂದ್ ಎಂದ. ಅತ್ತಿಗೆ ಅದನ್ನು ತರಿಸಿ, ತಾವೇ ತಿರುಗಿಸಿ ನೋಡಿ, ಆಮೇಲೆ ಒಪ್ಪಿದರು. ನನಗೆ ಸಿಟ್ಟು ಬಂದಿತ್ತು. "ನೀರು ಬರುದಕ್ಕೆ ನಳ್ಳಿಯಾ, ಬಾರದಿರ್ಲಿಕ್ಕೆ ನಳ್ಳಿಯಾ ಅತ್ತಿಗೆ?" ಎಂದು ಜೀಪಿನಲ್ಲಿ ಕೇಳಿದೆ. ಅವರು ಕಿಟಕಿಯ ಹೊರಗೆ ನೋಡಿದರು.

ನಳ್ಳಿ ಕೂತ ಮೇಲೆಯೇ ಗಾನಶ್ರೀಯ ಆ ಫೋನು ಬಂದದ್ದು. ಅತ್ತಿಗೆ ಹಿಟ್ಟಿನ ಕೈಯನ್ನು ನಳ್ಳಿಯ ಕೆಳಗೆ ಚಾಚಿ "ಹಾಕು" ಎನ್ನುತ್ತಾರಂತೆ. ನೀರು ಬರುತ್ತದಂತೆ. "ಸಾಕು" ಎನ್ನುತ್ತಾರಂತೆ. ಮೊದಲ ದಿನ ಹಾಗೆ ಹೇಳಿ, ನೀರು ಬಂದದ್ದೇ ತಿರುಗಿ ಪಕ್ಕಕ್ಕೆ ನೋಡಿದರಂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲವಂತೆ.

ಅತ್ತಿಗೆಗೆ ಬೇಕಾದದ್ದು ನಳ್ಳಿಯಲ್ಲ. ಸುಗುಣ ಬೇಕಿತ್ತು, ಅಷ್ಟೇ. ಇದನ್ನು ತಿಳಿಯಲು ದೊಡ್ಡ ಬುದ್ಧಿ ಬೇಡ, ಆದರೆ ನನ್ನ ಅಣ್ಣತಮ್ಮಂದಿರಿಗೆ ಇರುವಷ್ಟು ಬುದ್ಧಿಗಿಂತ ಸ್ವಲ್ಪ ಹೆಚ್ಚು ಬೇಕು.

ನನ್ನ ಮಗಳು ಸಾಕ್ಷಿಗೆ ಸೀಮಂತ ಬರುವುದಿತ್ತು. ನಾನು ಅದನ್ನೇ ಹಿಡಿದೆ. ತಮ್ಮನಿಗೆ ಫೋನು ಮಾಡಿ, "ಸೀಮಂತಕ್ಕೆ ತವರಿನ ಹಲಸಿನ ಹಪ್ಪಳ ಬೇಕು. ಅತ್ತಿಗೆಯೂ ಸುಗುಣಳೂ ಸೇರಿ ಮಾಡಿದ್ದೇ ಬೇಕು. ಒಂದು ದಿನ ಕಳಿಸ್ತೀಯಾ, ಅಥವಾ ಅಕ್ಕ ಇಲ್ಲ ಅಂತ ಹೇಳ್ತೀಯಾ?" ಎಂದೆ. ಆಮೇಲೆ ಅಣ್ಣನಿಗೂ ಅದನ್ನೇ ಹೇಳಿದೆ, ಕೊನೆಯ ಮಾತಿನಲ್ಲಿ ಅಕ್ಕನ ಬದಲು ತಂಗಿ ಎಂದೆ. ಇಬ್ಬರೂ ಒಂದೇ ರೀತಿ ಗೊಣಗಿದರು. ಒಂದೇ ರಕ್ತ ಅಲ್ಲವೇ. ಕೊನೆಗೆ ಒಂದು ಹಗಲಿಗೆ ಒಪ್ಪಿದರು. ಅಣ್ಣ ಆ ದಿನ ಪುತ್ತೂರಿನಲ್ಲಿ ಏನೋ ಕೆಲಸದ ನೆಪ ಹುಡುಕಿಕೊಂಡ.

ನಾನು ಹಿಂದಿನ ಸಂಜೆಯೇ ಆಲೆಟ್ಟಿಗೆ ಹೋಗಿದ್ದೆ. ಬೆಳಿಗ್ಗೆ ಕಾಫಿಗೆಂದು ಅಡುಗೆಮನೆಗೆ ಬಂದರೆ ಅತ್ತಿಗೆ ಸಿಂಕಿನ ಅಡಿಗೆ ಬಗ್ಗಿ ಏನೋ ತಿರುಗಿಸುತ್ತಿದ್ದರು. ಎದ್ದು ನಿಂತು ಕೈಯನ್ನು ನಳ್ಳಿಯ ಕೆಳಗೆ ಹಿಡಿದರು. ನೀರು ಬರಲಿಲ್ಲ. ಆಗ ನನ್ನನ್ನು ಕಂಡರು.

"ನೀನು ಸುಮ್ಮನಿರ್ಬೇಕು," ಎಂದರು.

ನೌಷಾದನ ಅಂಗಡಿಯ ಪ್ರಶ್ನೆ ನನಗೆ ಆಗ ಅರ್ಥವಾಯಿತು. ಸುಗುಣ ಎಂದಾದರೂ ಬಂದರೆ ಅವಳಿಗೆ ಇಲ್ಲಿ ಕೆಲಸವಿಲ್ಲ ಎಂದಾಗಬಾರದು, ಆ ಒಂದು ದಿನಕ್ಕಾಗಿ ಇವರು ವಾಲ್ವ್ ಪರೀಕ್ಷೆ ಮಾಡಿದ್ದರು. ನನಗೆ ಅಳು ಬಂತು. ಸುಮ್ಮನಿರುವುದು ನನ್ನಿಂದಾಗುವ ಕೆಲಸವಲ್ಲ, ಆದರೂ ಸುಮ್ಮನಿದ್ದೆ.

ತಮ್ಮ ಸುಗುಣಳನ್ನು ಗೇಟಿನ ಹತ್ತಿರ ಇಳಿಸಿ, ಇಂಜಿನ್ ಕೂಡ ನಿಲ್ಲಿಸದೆ ಕಾರು ತಿರುಗಿಸಿದ. ಅವಳು ಒಂದು ಹೆಡಗೆ ಹಲಸಿನಕಾಯಿ ಸೊಳೆ ಹೊತ್ತು ಬಂದಳು. ಕೂದಲು ನರೆತಿತ್ತು. ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ನೋಡಿದರು.

"ಸಪೂರ ಆಗಿದ್ದೀಯಲ್ಲ," ಎಂದರು ಅತ್ತಿಗೆ.

"ನೀವು ಎಂತ ಅಕ್ಕ, ನೋಡ್ಲಿಕ್ಕೆ ನಾನು ಇರ್ಲಿಲ್ಲ ಅಂತ ನಿಮ್ಮಷ್ಟಕ್ಕೆ ಮುದುಕಿ ಆಗುದಾ?" ಎಂದಳು ಸುಗುಣ. ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಒಳಗೆ ಬಂದವಳ ಕಣ್ಣು ನೇರ ನಳ್ಳಿಗೆ ಹೋಯಿತು. "ಇದು ಕೈ ಹಿಡಿದ್ರೆ ಬರುವಂಥದ್ದಾ? ಗುತ್ತಿಗಾರಿನಲ್ಲಿ ಒಂದು ಮನೆಗೆ ಹಾಕಿದ್ದಾರೆ." ಕೈ ಚಾಚಿದಳು. ನೀರು ಬರಲಿಲ್ಲ.

"ಅದು ಹಾಳಾಗಿದೆ ಮಾರಾಯ್ತಿ," ಎಂದರು ಅತ್ತಿಗೆ ಬೇಗಬೇಗನೆ. "ಕಣ್ಣಿಗೆ ಮೇಣ ತಾಗಿದೆ. ನೀನೇ ಹಾಕ್ಬೇಕಷ್ಟೆ ನೀರು."

ಸುಗುಣ ಬಗ್ಗಿ ಆ ಕಪ್ಪು ಚುಕ್ಕೆಯನ್ನು ಹತ್ತಿರದಿಂದ ನೋಡಿದಳು. ಅದು ಫಳಫಳ ಹೊಳೆಯುತ್ತಿತ್ತು. ಅತ್ತಿಗೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ವಾಲ್ವ್ ತಿರುಗಿಸಿದ ಬುದ್ಧಿ ಅಲ್ಲೊಂದು ಚೂರು ಮೇಣ ಹಚ್ಚುವವರೆಗೆ ಓಡಲಿಲ್ಲ. ಹುಟ್ಟಿದಂದಿನಿಂದ ಹಲಸಿನ ಮೇಣ ಕಂಡ ಸುಗುಣಳಿಗೆ ಅದು ತಾಗಿದೆಯೋ ಇಲ್ಲವೋ ತಿಳಿಯುವುದಿಲ್ಲವೇ? ಅವಳು ನಳ್ಳಿಯ ಕಣ್ಣನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು.

"ಹೌದಕ್ಕ, ಪೂರಾ ಹಾಳಾಗಿದೆ," ಎಂದಳು. "ಚೆಂಬು ಎಲ್ಲುಂಟು?"

ಹೊರಗಿನ ನಳ್ಳಿಯಿಂದ ಬಾಲ್ದಿಯಲ್ಲಿ ನೀರು ತಂದಿಟ್ಟುಕೊಂಡಳು. ಸೊಳೆ ಬೇಯಿತು, ಉಪ್ಪು ಮೆಣಸು ಬಿದ್ದು ರುಬ್ಬಿ ಹಿಟ್ಟಾಯಿತು. ಅತ್ತಿಗೆ ಉಂಡೆ ಕಟ್ಟಿ ಒತ್ತಿದರು, ನಾನು ಟೆರೇಸಿನಲ್ಲಿ ಚಾಪೆಯ ಮೇಲೆ ಹರಡಿದೆ. ಮೆಟ್ಟಿಲಿಳಿದು ಬಂದಾಗಲೆಲ್ಲ "ಹಾಕು" ಎನ್ನುವುದು ಕೇಳುತ್ತಿತ್ತು. ಅಗತ್ಯಕ್ಕಿಂತ ಹೆಚ್ಚು ಸಲ ಕೇಳುತ್ತಿತ್ತು. ಅಷ್ಟೊಂದು ಕೈ ತೊಳೆದರೆ ಹಪ್ಪಳ ಆಗುವುದು ಯಾವಾಗ ಎಂದು ನಾನು ಗೊಣಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಮ್ಮೆ ಅತ್ತಿಗೆ ಕೇಳಿದರು, "ಅಲ್ಲಿ ನಿನ್ನ ಕೈಗೆ ಯಾರು ಹಾಕುದು?"

"ಯಾರು ಹಾಕ್ತಾರೆ ಅಕ್ಕ? ಮೊಣಕೈಯಲ್ಲಿ ನಳ್ಳಿ ತಿರುಗಿಸುದು. ಹಪ್ಪಳ ಮಾಡುದು ಬಿಟ್ಟಿದ್ದೇನೆ."

ಅತ್ತಿಗೆ ಚೆಂಬು ಇಸಿದುಕೊಂಡರು. "ಹಿಡಿ ಕೈ," ಎಂದರು. ಸುಗುಣಳ ಕೈಗೆ ಅತ್ತಿಗೆ ನೀರು ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಿಸಿಲು ಇಳಿಯುವ ಮೊದಲೇ ಗೇಟಿನಲ್ಲಿ ಹಾರ್ನ್ ಕೇಳಿತು. ಚಹಾ ಕುಡಿದು ಹೋಗು ಎನ್ನಲೆಂದು ನಾನು ಓಡಿದರೆ, ತಮ್ಮ ಕಾರಿನಿಂದ ಇಳಿಯದೆ "ಇಲ್ಲಕ್ಕ, ತಡ ಆಗ್ತದೆ" ಎಂದ. ಅವನಿಗೆ ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ. ಒಳಗೆ ಬಂದಾಗ ಸುಗುಣ ಕೈಚೀಲ ಹೆಗಲಿಗೆ ಹಾಕಿಕೊಂಡು ಸಿಂಕಿನ ಅಡಿಗೆ ಬಗ್ಗಿದ್ದಳು. ವಾಲ್ವ್ ತೆರೆದ ಸದ್ದಾಯಿತು. ಎದ್ದು, ಸೀರೆಯ ನೆರಿಗೆ ಸರಿ ಮಾಡಿಕೊಂಡಳು.

"ತೆಗ್ದಿಟ್ಟಿದ್ದೇನೆ ಅಕ್ಕ," ಎಂದಳು. "ನಾಳೆಯಿಂದ ನಿಮಗೆ ನೀರು ಬೇಕಲ್ಲ."

ಅತ್ತಿಗೆಯ ಎರಡೂ ಕೈ ಹಿಟ್ಟಿನಲ್ಲಿತ್ತು. ಆ ಕೈಗಳನ್ನು ದೂರ ಹಿಡಿದುಕೊಂಡೇ ಬಾಗಿಲವರೆಗೆ ಬಂದು, ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನಿಂತರು.

ತಿರುಗಿ ಬಂದು ನಳ್ಳಿಯ ಮುಂದೆ ನಿಂತರು. ಕೈ ಮಾತ್ರ ಮುಂದೆ ಮಾಡಲಿಲ್ಲ. ಬಾಲ್ದಿಯ ತಳದಲ್ಲಿ ಸುಗುಣ ತಂದಿಟ್ಟ ನೀರು ಸ್ವಲ್ಪ ಉಳಿದಿತ್ತು. ಅತ್ತಿಗೆ ಅದನ್ನು ಗಲ್ಲದಲ್ಲಿ ತೋರಿಸಿ ನನಗೆ ಹೇಳಿದರು, "ನೀನು ಹಾಕು."

ನಾನು ಚೆಂಬಿನಲ್ಲಿ ಮೊಗೆದು, ಮೊದಲು ಮೊಣಕೈಗೆ, ಆಮೇಲೆ ಅಂಗೈಗೆ, ಆದಷ್ಟು ಸಣ್ಣ ಧಾರೆಯಾಗಿ ಹಾಕಿದೆ. ನೀರೆಲ್ಲ ಅವರ ಸೀರೆಯ ಮೇಲೆ ಹೋಯಿತು.

"ನಿಂಗೆ ಬರುದಿಲ್ಲ," ಎಂದರು ಅತ್ತಿಗೆ. ಆದರೂ ಬಾಲ್ದಿ ಖಾಲಿಯಾಗುವವರೆಗೆ ಕೈ ತೆಗೆಯಲಿಲ್ಲ.